ಪ್ರಾರ್ಥನೆ ಎಂದರೆ ಕೇಳುವುದು



ಗುಡ್ಡ ಹತ್ತಿ ಬಂದಿದ್ದೀರಿ. ಕಾಲು ಸೋತಿರಬಹುದು, ಬಾಯಿ ಒಣಗಿರಬಹುದು. ಮೊದಲು ನಳದ ಹತ್ತಿರ ಹೋಗಿ ನೀರು ಕುಡಿಯಿರಿ. ನೆರಳಿಗೆ ಸ್ವಲ್ಪ ಕೂತು ದಣಿವಾರಿಸಿಕೊಳ್ಳಿ. ಆಮೇಲೆ ಈ ನಾಲ್ಕು ಮಾತು ಓದಿದರೆ ಸಾಕು.

ನಾನು ಗುರುಗಳಲ್ಲ, ಪಂಡಿತನೂ ಅಲ್ಲ. ಪಿ.ಯು.ಸಿ. ಓದಿ ಈ ಪುಣ್ಯಸ್ಥಳದ ಕಚೇರಿಯಲ್ಲಿ ರಸೀದಿ ಬರೆಯುವ ಗುಮಾಸ್ತ. ಹುಟ್ಟಿದ್ದು ಕಮಲಾಪುರದ ಕಡೆಯ ಹಳ್ಳಿಯಲ್ಲಿ, ಮನೆ ಮಾಡಿದ್ದು ಕಲಬುರಗಿಯಲ್ಲಿ. "ಇಷ್ಟು ವರ್ಷ ಕಿಟಕಿಯಲ್ಲಿ ಕೂತು ಜನರನ್ನು ನೋಡಿದ್ದೀಯಲ್ಲ, ಪ್ರಾರ್ಥನೆ ಬಗ್ಗೆ ಈ ಸಲ ನೀನೇ ಬರಿ" ಅಂತ ನಮ್ಮ ಗುರುಗಳು ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಕಚೇರಿಯ ಕಿಟಕಿ

ಪೂಜೆಗೆ, ನವೇನಕ್ಕೆ ಹೆಸರು ಬರೆಸಲು ಬರುವವರು ಕಿಟಕಿಯ ಆಚೆ ನಿಲ್ಲುತ್ತಾರೆ. ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಯಾರಿಗಾಗಿ? ಯಾತಕ್ಕಾಗಿ? ಮಗಳ ಮದುವೆ, ಮಗನ ನೌಕರಿ, ಮಕ್ಕಳ ಭಾಗ್ಯ, ಸಕ್ಕರೆ ಕಾಯಿಲೆ, ಕೋರ್ಟು ಕೇಸು, ಸಾಲ, ತೊಗರಿಗೆ ಬೇಕಾದ ಒಂದು ಹದ ಮಳೆ. ಕೆಲವರು ಹೇಳುತ್ತಾ ಹೇಳುತ್ತಾ ಅಳುತ್ತಾರೆ. ಆ ಕಣ್ಣೀರು ನಿಜವಾದದ್ದು. ನಮಗಾಗಿ ಬೇಡುವುದು ಎಂದೂ ತಪ್ಪಲ್ಲ. ಜೆರಿಕೋ ಊರಿನ ಹತ್ತಿರ ದಾರಿ ಬದಿಗೆ ಕೂತಿದ್ದ ಕುರುಡ ಭಿಕ್ಷುಕ ತನ್ನ ಕಣ್ಣಿಗಾಗಿಯೇ ಕೂಗಿದ. ಸುತ್ತಲಿನವರು ಗದರಿಸಿದರೂ ಯೇಸುಸ್ವಾಮಿ ನಿಂತರು, ಏನು ಬೇಕು ಅಂತ ವಿಚಾರಿಸಿದರು, ಕಣ್ಣು ಕೊಟ್ಟರು.

ಆದರೆ ಒಮ್ಮೊಮ್ಮೆ ಬೇರೆ ಥರದ ಬೇಡಿಕೆಯೂ ಬರುತ್ತದೆ. ಒಬ್ಬರು ಬಂದು, "ನನ್ನ ಮೈದುನನ ಸಂಸಾರ ಹಾಳಾಗಿ ಹೋಗಲಿ ಅಂತ ಬರೀರಿ" ಅಂದರು. ನಾನು ಪೆನ್ನು ಕೆಳಗಿಟ್ಟೆ. "ಅವ್ವಾ, ಅದಕ್ಕ ನಮ್ಮ ರಸೀದಿಯೊಳಗ ಕಾಲಂ ಇಲ್ಲರಿ" ಅಂದೆ. ಸಿಟ್ಟು ಮಾಡಿಕೊಂಡು ಹೋದರು. ಇನ್ನೊಂದು ದಿನ ಒಬ್ಬ ಮುದುಕಿ, ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿ ಕೊಟ್ಟು, ಒಬ್ಬ ಹುಡುಗನ ಹೆಸರು ಬರೆಸಿದಳು. ಕುಡಿತಕ್ಕೆ ಬಿದ್ದಿದ್ದಾನಂತೆ. "ನಿಮಗ ಏನಾಗಬೇಕವ್ವಾ?" ಅಂತ ಕೇಳಿದೆ. "ಏನೂ ಆಗಬೇಕಿಲ್ಲಪ್ಪಾ, ಬಾಜೂ ಮನಿಯವ. ರಾತ್ರಿ ಅವನ ಹೆಂಡತಿ ಅಳೋದು ನನಗ ಕೇಳಸ್ತದ" ಅಂದಳು.

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕನ್ನಡದಲ್ಲಿ 'ಕೇಳು' ಅನ್ನುವ ಶಬ್ದಕ್ಕೆ ಎರಡು ಅರ್ಥ ಇದೆ. ಬೇಕಾದದ್ದನ್ನು ಬೇಡುವುದೂ ಕೇಳುವುದೇ, ಇನ್ನೊಬ್ಬರ ಮಾತಿಗೆ ಕಿವಿಗೊಡುವುದೂ ಕೇಳುವುದೇ. ಪ್ರಾರ್ಥನೆ ಅಂದರೆ ದೇವರಲ್ಲಿ ಕೇಳುವುದು ಅಂತ ನಾವೆಲ್ಲ ಕಲಿತಿದ್ದೇವೆ. ಆದರೆ ಎರಡನೆಯ ಕೇಳುವಿಕೆ ಇಲ್ಲದೆ ಮೊದಲನೆಯದು ನಿಜವಾಗುತ್ತದೆಯೇ? ಈ ಲೇಖನದ ಪ್ರಶ್ನೆ ಇಷ್ಟೇ.

ಸುಳ್ಳು ಹೇಳದ ಫರಿಸಾಯ

ಸಂತ ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ನಿಮಗೆ ಗೊತ್ತಿದ್ದದ್ದೇ. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ಫರಿಸಾಯ ತಾನು ವಾರಕ್ಕೆ ಎರಡು ದಿನ ಉಪವಾಸ ಮಾಡುವುದನ್ನೂ ಆದಾಯದ ಹತ್ತನೇ ಒಂದು ಪಾಲು ಕೊಡುವುದನ್ನೂ ದೇವರಿಗೆ ಒಪ್ಪಿಸುತ್ತಾನೆ. ಸುಂಕದವನು ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವರಿಗೆ ಒಪ್ಪಿಗೆಯಾಗಿ ಮನೆಗೆ ಹೋದದ್ದು ಸುಂಕದವನು.

ಇದರಲ್ಲಿ ನಾವು ಗಮನಿಸದ ಒಂದು ಸಂಗತಿ ಇದೆ. ಫರಿಸಾಯ ಸುಳ್ಳು ಹೇಳಿದ ಅಂತ ಕಥೆಯಲ್ಲಿ ಎಲ್ಲಿಯೂ ಇಲ್ಲ. ಉಪವಾಸ ನಿಜ, ಕಾಣಿಕೆ ನಿಜ. ನನ್ನಂಥ ಗುಮಾಸ್ತನ ಲೆಕ್ಕದಲ್ಲಿ ಅವನ ರಸೀದಿ ಪೂರ್ತಿ ಸರಿಯಾಗಿದೆ. ಹಾಗಾದರೆ ಕೊರತೆ ಎಲ್ಲಿ? ಪ್ರಾರ್ಥನೆ ಮಾಡುವಾಗ ಅವನು ಪಕ್ಕಕ್ಕೆ ತಿರುಗಿ ಸುಂಕದವನನ್ನು ನೋಡಿದ. ನೋಡಿದ್ದು ತಪ್ಪಲ್ಲ, ತನ್ನ ಎತ್ತರ ಅಳೆಯುವುದಕ್ಕಷ್ಟೇ ನೋಡಿದ್ದು ತಪ್ಪು. ಎದೆ ಬಡಿದುಕೊಳ್ಳುವ ಸಪ್ಪಳ ಅವನ ಕಿವಿಗೆ ಬಿದ್ದಿರಬೇಕು. ಆದರೂ ಕೇಳಲಿಲ್ಲ. ಅಂದ ಮೇಲೆ, ಮನಃಪೂರ್ವಕ ಪ್ರಾರ್ಥನೆಗೆ ಸುಳ್ಳು ಹೇಳದಿದ್ದರೆ ಮಾತ್ರ ಸಾಲದು. ಪಕ್ಕದವನ ದುಃಖಕ್ಕೂ ಅದರೊಳಗೆ ಜಾಗ ಇರಬೇಕು.

ಗುಡಿಯಿಂದ ಇಳಿದು ಬರುವ ದಾರಿ

ಲೂಕನದೇ 10ನೇ ಅಧ್ಯಾಯದಲ್ಲಿ ಒಬ್ಬ ಧರ್ಮಶಾಸ್ತ್ರಿ, ನೆರೆಯವನು ಅಂದರೆ ಯಾರು ಅಂತ ಕೇಳುತ್ತಾನೆ. ಅದಕ್ಕೆ ಯೇಸು ಹೇಳಿದ್ದು ಸಮಾರಿಯದವನ ಕಥೆ. ಜೆರುಸಲೇಮ್ ಗುಡ್ಡದ ಮೇಲಿನ ಊರು, ಜೆರಿಕೋ ತಗ್ಗಿನ ಊರು. ನಡುವೆ 25 ಕಿ.ಮೀ. ಮಿಕ್ಕಿ ದಾರಿ, ಸುಮಾರು 1000 ಮೀಟರ್ ಇಳಿಜಾರು, ಕಲ್ಲು ಬಂಡೆ, ಜನವಸತಿ ಕಡಿಮೆ. ನಮ್ಮ ಕಲಬುರಗಿಯಿಂದ ಕಮಲಾಪುರಕ್ಕೆ ಇರುವ ದಾರಿಗಿಂತ ಸ್ವಲ್ಪ ಕಡಿಮೆ ಅಂತ ಇಟ್ಟುಕೊಳ್ಳಿ. ಅಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಅರೆಜೀವ ಮಾಡಿ ಬಿಟ್ಟು ಹೋಗುತ್ತಾರೆ. ಯಾಜಕ ಬರುತ್ತಾನೆ, ನೋಡಿ ಆಚೆ ಬದಿಯಿಂದ ಹೋಗುತ್ತಾನೆ. ಲೇವಿಯನೂ ಹಾಗೇ ಮಾಡುತ್ತಾನೆ.

ಯಾಜಕ ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಎಂದು ಕಥೆ ಹೇಳುತ್ತದೆ. ಇಳಿಯುವುದು ಅಂದರೆ ಜೆರುಸಲೇಮಿನಿಂದ ಈಚೆಗೆ. ದೇವಾಲಯದ ಸೇವೆಗೆ ತಡವಾಗುತ್ತದೆ ಅನ್ನುವ ನೆಪ ಅವನಿಗಿರಲಿಲ್ಲ. ಸೇವೆ ಮುಗಿಸಿ ಮನೆಗೆ ಹೊರಟಿದ್ದಿರಬೇಕು, ಬಾಯಲ್ಲಿ ಸ್ತೋತ್ರದ ರುಚಿ ಇನ್ನೂ ಇದ್ದಿರಬೇಕು. ಬಂಧುಗಳೇ, ಇನ್ನು ಸ್ವಲ್ಪ ಹೊತ್ತಿಗೆ ನೀವೂ ಗುಡ್ಡ ಇಳಿಯುವವರೇ. ಅದಕ್ಕೆ ಈ ಮಾತು ಎತ್ತಿ ಹೇಳಿದೆ.

ನಿಂತು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದವನು, ತನ್ನ ಕತ್ತೆಯ ಮೇಲೆ ಕೂಡಿಸಿಕೊಂಡು ಛತ್ರಕ್ಕೆ ಒಯ್ದವನು ಸಮಾರಿಯದವನು. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಕೂಲಿಯವನ ಎರಡು ದಿನದ ದುಡಿಮೆ, ಕೊಟ್ಟು ಹೋದ. ಯೆಹೂದ್ಯರಿಗೂ ಸಮಾರಿಯದವರಿಗೂ ಆಗ ಕೊಡುಕೊಳ್ಳುವುದು ಇರಲಿಲ್ಲ. ಯೇಸು ಕೊನೆಗೆ ಧರ್ಮಶಾಸ್ತ್ರಿಯ ಪ್ರಶ್ನೆಯನ್ನೇ ತಿರುಗಿಸಿಬಿಟ್ಟರು. ನನ್ನ ನೆರೆಯವನು ಯಾರು ಎಂದು ಆತ ಕೇಳಿದ್ದ. ಬಿದ್ದವನಿಗೆ ನೆರೆಯವನಾದದ್ದು ಯಾರು ಎಂದು ಇವರು ಕೇಳಿದರು. ಬಾಜೂ ಮನೆಯಲ್ಲಿ ಇದ್ದಷ್ಟಕ್ಕೆ ನೆರೆಯವನಾಗುವುದಿಲ್ಲ, ನಡೆದು ಹತ್ತಿರ ಹೋಗಿ ಆಗಬೇಕು.

ನನ್ನ ಮನೆಯ ಗೋಡೆ

ಇಷ್ಟೆಲ್ಲ ಉಪದೇಶ ಹೇಳಿ ನನ್ನ ಸಂಗತಿ ಮುಚ್ಚಿಟ್ಟರೆ ನಾನೂ ಆ ಫರಿಸಾಯನೇ. ಅದಕ್ಕೆ ಬರೆಯುತ್ತೇನೆ.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ, ಅದು ಕೊರೊನಾದಿಂದ ದೇಶದಲ್ಲಿ ಆದ ಮೊದಲ ಸಾವು ಎಂದು ಖಚಿತವಾಯಿತು. ನಮ್ಮ ಊರಿನ ಹೆಸರು ದೇಶದ ಎಲ್ಲ ಟಿ.ವಿ.ಗಳಲ್ಲಿ ಬಂತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಈ ಗುಡ್ಡವೂ ಮುಚ್ಚಿತು. ನಾನು ಮನೆಯಲ್ಲೇ ಉಳಿದೆ.

ಏಪ್ರಿಲ್ ತಿಂಗಳಲ್ಲಿ ನಮ್ಮ ಬಾಜೂ ಮನೆಯವನನ್ನು ಸಂಶಯದ ಮೇಲೆ ಪರೀಕ್ಷೆಗೆ ಕರೆದುಕೊಂಡು ಹೋದರು. ಹೆಂಡತಿ, ಇಬ್ಬರು ಮಕ್ಕಳು ಮನೆ ಬಿಟ್ಟು ಹೊರಗೆ ಬರಬಾರದು ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತು, 40 ಡಿಗ್ರಿ ದಾಟಿದ ಬಿಸಿಲು. ನಮ್ಮ ಓಣಿಗೆ ನಳ ದಿನಾ ಬರುತ್ತಿರಲಿಲ್ಲ. ಬಂದ ದಿನ ಅವರ ಮನೆಯ ಮೋಟಾರು ಕೆಟ್ಟಿತ್ತು. ನಮ್ಮ ಟಾಕಿ ತುಂಬಿತ್ತು.

ಸಂಜೆ ಏಳರ ಸುಮಾರು. ನಾವು ಮನೆಮಂದಿ ಕೂಡಿ ಜಪಸರ ಹೇಳುತ್ತಿದ್ದೆವು. ಕೊರೊನಾದಿಂದ ನರಳುವ ಎಲ್ಲರಿಗಾಗಿ ಅಂತ ಆ ದಿನದ ಜಪ ಒಪ್ಪಿಸಿದ್ದವನು ನಾನೇ. ಗೋಡೆಯ ಆಚೆಯಿಂದ ಆ ತಾಯಿ ಕೂಗಿದಳು: "ಅಣ್ಣಾರ, ಒಂದು ಕೊಡ ನೀರು ಗೋಡಿ ಮ್ಯಾಲ ಇಡ್ರಿ. ನೀವು ಒಳಗ ಹೋದ ಮ್ಯಾಲ ತೊಗೋತೀನಿ." ನನ್ನ ಹೆಂಡತಿ ಜಪ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಮುಂದುವರಿಸು ಅಂತ ಕೈ ಸನ್ನೆ ಮಾಡಿದೆ. ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಆಕೆಯ ಕೂಗು ಕೇಳಿಸಬಾರದು ಅಂತ ನನ್ನ ದನಿ ಏರಿಸಿದೆ. ಮೂರು ಸಲ ಕೂಗಿ ಆಕೆ ಸುಮ್ಮನಾದಳು.

ರೋಗದ ಹೆದರಿಕೆ ತಪ್ಪೇ ಅಂತ ನೀವು ಕೇಳಬಹುದು. ಹೆದರಿಕೆ ತಪ್ಪಲ್ಲ. ಆದರೆ ನನಗೆ ಅಪಾಯ ಆಗದ ಹಾಗೆ ಹೇಗೆ ಕೊಡಬೇಕು ಅನ್ನುವುದನ್ನೂ ಆಕೆಯೇ ಯೋಚನೆ ಮಾಡಿ ಹೇಳಿದ್ದಳು. ತನ್ನ ಕಷ್ಟದಲ್ಲೂ ಆಕೆ ನೆರೆಯವನ ಕಾಳಜಿ ಮಾಡಿದಳು. ನಾನು ಮಾಡಲಿಲ್ಲ.

ಕತ್ತಲಾದ ಮೇಲೆ ಓಣಿಯಲ್ಲಿ ಗಾಡಿ ನಿಂತ ಸಪ್ಪಳ ಬಂತು. ಕಾಯಿಪಲ್ಯೆ ಮಾರುವ ಮುಸಲ್ಮಾನ ಹುಡುಗ. ಆ ವಾರಗಳಲ್ಲಿ, ರೋಗ ಹರಡುವವರು ಇವರೇ ಅಂತ ಅವನ ಸಮುದಾಯದ ಕಡೆ ಬೆರಳು ತೋರಿಸುವ ಮಾತು ಊರೆಲ್ಲ ಓಡಾಡುತ್ತಿತ್ತು. ನಾವೂ ಅವನ ಗಾಡಿಯ ಹತ್ತಿರ ಹೋಗುವುದು ಬಿಟ್ಟಿದ್ದೆವು. ಅವನು ಎರಡು ಕ್ಯಾನ್ ನೀರು ತಂದು ಅವರ ಹೊಸ್ತಿಲ ಮುಂದೆ ಇಟ್ಟು, "ಅಕ್ಕಾ, ನಾ ದೂರ ಹೋದ ಮ್ಯಾಲ ತೊಗೋರಿ" ಅಂತ ಹೇಳಿ ಹೋದ. ಜೆರಿಕೋ ದಾರಿಯ ಸಮಾರಿಯದವನನ್ನು ನಾನು ಕಿಟಕಿ ಸಂದಿಯಿಂದ ನೋಡಿದೆ.

ಆ ರಾತ್ರಿ ನಮ್ಮ ಮುತ್ಯಾ ನೆನಪಾದ. ಅವನ ಕಾಲದಲ್ಲಿ ನಮ್ಮ ಕೇರಿಯವರು ಊರ ಬಾವಿಯ ಹತ್ತಿರ ಹೋಗುವಂತಿರಲಿಲ್ಲ. ದೂರ ನಿಂತು ಕೂಗಬೇಕು, ಮ್ಯಾಲಿನವರು ಯಾರಾದರೂ ಕರುಣೆ ಬಂದು ಎತ್ತರದಿಂದ ಸುರುವಿದರೆ ಬೊಗಸೆ ಒಡ್ಡಿ ಕುಡಿಯಬೇಕು. ಒಮ್ಮೊಮ್ಮೆ ಬಾವಿಕಟ್ಟೆ ಮೇಲೆ ಇದ್ದವರು ಕೇಳಿಸಿದರೂ ಕೇಳಿಸದ ಹಾಗೆ ತಮ್ಮ ಮಾತು ಮುಂದುವರಿಸುತ್ತಿದ್ದರಂತೆ. ಅದನ್ನು ಹೇಳುವಾಗ ಮುತ್ಯಾ, "ನೀರು ಕೇಳಿದವರಿಗೆ ಇಲ್ಲ ಅನಬ್ಯಾಡ್ರಿ ತಮ್ಮಾ" ಅನ್ನುತ್ತಿದ್ದ. ಎರಡು ತಲೆಮಾರಿನಲ್ಲಿ ನಾನು ಬಾವಿಕಟ್ಟೆ ಮೇಲೆ ಹತ್ತಿ ಕೂತಿದ್ದೆ. ಅವರು ಹರಟೆಯ ದನಿ ಏರಿಸಿದ್ದರು, ನಾನು ಜಪದ ದನಿ ಏರಿಸಿದ್ದೆ.

ಬಾಜೂ ಮನೆಯವನಿಗೆ ರೋಗ ಇಲ್ಲ ಅಂತ ವರದಿ ಬಂತು, ಮನೆಗೆ ಬಂದ. ನಂತರ ಎರಡು ವರ್ಷ ನಾವು "ಊಟ ಆಯ್ತೇನ್ರಿ" ಅಂತ ಮಾತಾಡುತ್ತಲೇ ಇದ್ದೆವು. ನಾನು ಆಕೆಯ ಕಣ್ಣು ನೋಡುತ್ತಿರಲಿಲ್ಲ. 2022ರ ತಪಸ್ಸುಕಾಲದಲ್ಲಿ ಒಂದು ದಿನ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ ಓದಿದೆ. ಕಾಣಿಕೆ ಕೊಡಲು ಬಂದವನಿಗೆ, ಯಾರಾದರೂ ತನ್ನ ಮೇಲೆ ನೊಂದುಕೊಂಡಿದ್ದಾರೆ ಎಂದು ನೆನಪಾದರೆ, ಕಾಣಿಕೆ ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಉಪದೇಶ ಅಲ್ಲಿದೆ. ಕಾಣಿಕೆಗೆ ರಸೀದಿ ಹರಿಯುವುದೇ ನನ್ನ ಕೆಲಸ. ಮೊದಲು ವಾಪಸ್ ಹೋಗಬೇಕಾದವನು ನಾನೇ ಅನ್ನಿಸಿತು.

ಕಮಲಾಪುರಕ್ಕೆ ಹೋದಾಗ ಅಲ್ಲಿಯ ಕೆಂಪು ಬಾಳೆಹಣ್ಣು ಒಂದು ಡಜನ್ ತಂದು, ಬಾಜೂ ಮನೆಯ ಬಾಗಿಲು ಬಡಿದೆ. ನಿಂತುಕೊಂಡೇ ಎಲ್ಲಾ ಹೇಳಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ದಿನ ನಿಮ್ಮ ಜಪ ನನಗ ಕೇಳಸ್ತಿತ್ತು ಅಣ್ಣಾರ. ದನಿ ಏರಿದಾಗ, ನಮ್ಮ ಸಲುವಾಗಿ ಜೋರು ಮಾಡಲತ್ತಾರ ಅಂತ ತಿಳಕೊಂಡಿದ್ದೆ" ಅಂದಳು.

ನನಗೆ ಉತ್ತರ ಬರಲಿಲ್ಲ. ಕ್ಷಮಿಸಿದೆ ಅಂತ ಆಕೆ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟಳು. ಕುಡಿದು ಬಂದೆ.

ಎರಡು ಸಂದೇಹ

ಮೊದಲನೆಯದು: ಹಾಗಾದರೆ ನೆರೆಯವರಿಗೆ ಸಹಾಯ ಮಾಡಿದರೆ ಸಾಕಲ್ಲ, ಪ್ರಾರ್ಥನೆ ಯಾಕೆ ಬೇಕು? ತಿಳಿದ ಹುಡುಗರು ಹೀಗೆ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಪ್ರಾರ್ಥನೆ ಬಿಟ್ಟು ಸೇವೆ ಮಾಡುವ ಒಳ್ಳೆಯವರನ್ನು ನಾನು ಕಂಡಿದ್ದೇನೆ. ಆದರೆ ನನ್ನ ಅನುಭವ ಇಷ್ಟು: ಎರಡು ವರ್ಷ ನನ್ನನ್ನು ಸುಮ್ಮನೆ ಬಿಡದೆ ಚುಚ್ಚಿದ್ದೂ ಪ್ರಾರ್ಥನೆಯೇ. ಜಪಸರ ಕೈಗೆ ತೆಗೆದುಕೊಂಡಾಗಲೆಲ್ಲ ಗೋಡೆಯ ಆಚೆಯ ಕೂಗು ಮತ್ತೆ ಕೇಳಿಸುತ್ತಿತ್ತು. ಪ್ರಾರ್ಥನೆ ಬಿಟ್ಟಿದ್ದರೆ ಮರೆತುಬಿಡುತ್ತಿದ್ದೆ. ದೇವರ ಮುಂದೆ ಕೂತವನಿಗೆ ತಾನು ಮುಚ್ಚಿದ ಬಾಗಿಲು ಕಾಣುತ್ತದೆ. ಹೋಗಿ ತೆರೆಯುವುದು ಮಾತ್ರ ಅವನ ಕೆಲಸ.

ಎರಡನೆಯದು: ನಮಗೆ ಏನು ಬೇಕು ಅಂತ ದೇವರಿಗೆ ಮೊದಲೇ ಗೊತ್ತಲ್ಲ, ಮತ್ತೆ ಯಾಕೆ ಬೇಡಬೇಕು? ಯೇಸುಸ್ವಾಮಿಯೂ, ತಂದೆಗೆ ಮುಂಚೆಯೇ ಗೊತ್ತಿದೆ, ಸುಮ್ಮನೆ ಮಾತು ಬೆಳೆಸಬೇಡಿ ಎಂದು ಕಲಿಸಿದರು. ಹಾಗೆ ಹೇಳಿ ಅದರ ಬೆನ್ನಿಗೇ ಪರಲೋಕ ಜಪ ಕಲಿಸಿದರು. ಆ ಜಪವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿರಿ. 'ನನ್ನ' ಅನ್ನುವ ಶಬ್ದ ಅದರಲ್ಲಿ ಒಂದು ಕಡೆಯೂ ಇಲ್ಲ. ತಂದೆಯೂ ನಮ್ಮವನು, ರೊಟ್ಟಿಯೂ ನಮ್ಮದು, ತಪ್ಪೂ ನಮ್ಮದು. ಒಬ್ಬನೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದರೂ ಓಣಿಯವರೆಲ್ಲ ಅದರೊಳಗೆ ಬಂದು ಕೂಡುತ್ತಾರೆ. ದೇವರಿಗೆ ಹೊಸ ಸುದ್ದಿ ಮುಟ್ಟಿಸಲಿಕ್ಕೆ ಬೇಡುವುದಲ್ಲ. ಬೇಡುತ್ತಾ ಬೇಡುತ್ತಾ ನಾವು ಇನ್ನೊಬ್ಬರ ಬೇಡಿಕೆ ಕೇಳಲು ಕಲಿಯುತ್ತೇವೆ.

ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಕೊಟ್ಟ ಉತ್ತರ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿದೆ. ಹಳೆಯ ಒಡಂಬಡಿಕೆಯ ಎರಡು ಬೇರೆ ಬೇರೆ ಗ್ರಂಥಗಳಲ್ಲಿದ್ದ ದೇವರ ಪ್ರೀತಿ, ನೆರೆಯವರ ಪ್ರೀತಿ ಎರಡನ್ನೂ ಅವರು ಒಂದೇ ಉತ್ತರದಲ್ಲಿ ಕಟ್ಟಿಬಿಟ್ಟರು. ಆ ಉತ್ತರ ಶುರುವಾಗುವುದೇ, ಜನರೇ ಕೇಳಿರಿ ಅನ್ನುವ ಕರೆಯಿಂದ. ಜ್ಞಾನೋಕ್ತಿಗಳ 21ನೇ ಅಧ್ಯಾಯವಂತೂ, ಬಡವರ ಕೂಗಿಗೆ ಕಿವಿ ಮುಚ್ಚಿಕೊಂಡವನ ಕೂಗೂ ಮುಂದೆ ಯಾರಿಗೂ ಮುಟ್ಟುವುದಿಲ್ಲ ಎಂದು ಎಚ್ಚರಿಕೆ ಕೊಡುತ್ತದೆ.

ನಮ್ಮ ಕಲಬುರಗಿಯ ಮಣ್ಣಿಗೆ ಇದು ಹೊಸದೇನೂ ಅಲ್ಲ. ಶರಣಬಸವೇಶ್ವರರು (1746–1822) ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರೂ ಇಟ್ಟರು ಅಂತ ಇಂದಿಗೂ ಜನ ಹೇಳುತ್ತಾರೆ. ಅವರ ಹೆಸರಿನ ದಾಸೋಹ ಇಂದಿಗೂ ನಡೆದಿದೆ. 1422ರಲ್ಲಿ ತೀರಿಕೊಂಡ ಸೂಫಿ ಸಂತರನ್ನು ಜನ ಬಂದೇ ನವಾಜ್ ಅಂತ ಕರೆದರು, ಅಂದರೆ ಸೇವಕರನ್ನು ಸಲಹುವವರು. ಅವರ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ಮಾರ್ಗ ಬೇರೆ ಬೇರೆ ಇರಬಹುದು. ಆದರೆ ಹಸಿದವರನ್ನು, ಬಾಯಾರಿದವರನ್ನು ದಾಟಿ ಹೋಗುವ ಭಕ್ತಿಯನ್ನು ಈ ನೆಲದ ಜನ ಭಕ್ತಿ ಅಂತ ಒಪ್ಪಿಲ್ಲ.

ಗುಡ್ಡ ಇಳಿಯುವ ಮುಂಚೆ

1. ನಿಮ್ಮ ಬೇಡಿಕೆ ಮನಸ್ಸು ಬಿಚ್ಚಿ ಹೇಳಿಕೊಳ್ಳಿರಿ. ದೊಡ್ಡ ಶಬ್ದ ಬೇಕಿಲ್ಲ. ಮನೆಯಲ್ಲಿ ಅವ್ವನ ಹತ್ತಿರ ಮಾತಾಡುವ ಭಾಷೆ ಸಾಕು.

2. ಆಮೇಲೆ ಐದು ನಿಮಿಷ ಸುಮ್ಮನೆ ಕೂಡಿರಿ. ಯಾರ ದನಿ ನೆನಪಾಗುತ್ತದೆ ನೋಡಿರಿ. ಬೇಡವಾದ ದನಿಯೊಂದು ನೆನಪಾದರೆ ಅದನ್ನು ಓಡಿಸಬೇಡಿರಿ.

3. ನಿಮ್ಮ ಹೆಸರಿನ ಜೊತೆ, ನಿಮಗೆ ಏನೂ ಆಗಬೇಕಿಲ್ಲದ ಒಬ್ಬರ ಹೆಸರನ್ನೂ ಬರೆಸಿರಿ.

4. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ, ಅವರ ಕೇಡು ಬೇಡಬೇಡಿರಿ. ಒಳ್ಳೆಯದು ಬೇಡಲು ಬಾಯಿ ಬರದಿದ್ದರೆ, ಬರುತ್ತಿಲ್ಲ ಅಂತ ದೇವರ ಮುಂದೆ ಹೇಳಿಕೊಳ್ಳಿರಿ. ಅದೂ ಸುಂಕದವನ ಪ್ರಾರ್ಥನೆಯೇ.

5. ಸಾಲಿನಲ್ಲಿ ಮುದುಕರು, ಬಸುರಿಯರು, ಕೂಸು ಎತ್ತಿಕೊಂಡವರು ಇದ್ದರೆ ಮುಂದೆ ಬಿಡಿರಿ. ನಳದ ಹತ್ತಿರ ನೂಕಾಡಬೇಡಿರಿ. ನಿಮ್ಮ ಬಾಟಲಿ ತುಂಬಿದ ಮೇಲೆ, ಹಿಂದೆ ಯಾರಾದರೂ ನಿಂತಿದ್ದಾರೇನು ನೋಡಿರಿ.

ಈಗಲೂ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಜಪಸರ ನಡೆಯುತ್ತದೆ. ಗೋಡೆಯ ಕಡೆಯ ಕಿಟಕಿ ತೆರೆದಿಟ್ಟಿರುತ್ತೇವೆ. ಯಾರಾದರೂ ಕೂಗಿದರೆ ಜಪ ಅಲ್ಲಿಗೇ ನಿಲ್ಲಿಸಿ ಎದ್ದು ಹೋಗಬೇಕು, ವಾಪಸ್ ಬಂದು ಮುಂದುವರಿಸಬೇಕು ಅಂತ ಮನೆಯಲ್ಲಿ ಕಟ್ಟುಪಾಡು ಮಾಡಿದ್ದೇವೆ. ಎದ್ದು ಹೋದದ್ದೂ ಆ ಜಪದೊಳಗೇ ಸೇರುತ್ತದೆ ಅಂತ ನನ್ನ ನಂಬಿಕೆ.

ನೀವು ಸುಖವಾಗಿ ಮನೆ ಮುಟ್ಟಿರಿ. ನಿಮ್ಮ ಬೇಡಿಕೆ ದೇವರಿಗೆ ಕೇಳಿಸಲಿ. ಬಾಜೂ ಮನೆಯವರ ಬೇಡಿಕೆ ನಿಮಗೆ ಕೇಳಿಸಲಿ. ಗೋಡೆಯ ಆಚೆಯ ಆ ತಾಯಿಯ ಸಂಸಾರಕ್ಕಾಗಿ, ಆ ಕಾಯಿಪಲ್ಯೆ ಹುಡುಗನಿಗಾಗಿ, ನನಗಾಗಿಯೂ ಒಂದು ಸಲ ಪ್ರಾರ್ಥಿಸಿರಿ.

— ಕಚೇರಿ ಗುಮಾಸ್ತ